ಕಿಂಡಿಯ ಕೂದಲು

ರೂಫೋ ಕ್ಯಾಮೆರಾದ ಲೆನ್ಸ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದ. ಫಿಲ್ಮ್ ಹಾದುಹೋಗುವ ಕಿಂಡಿಯ ಮೂಲೆಯಲ್ಲಿ ಒಂದು ಕೂದಲೆಳೆ ಕೂತಿತ್ತು. ಬರಿಗಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು. ತೆರೆಯ ಮೇಲೆ ಮಾತ್ರ ಹಗ್ಗದಷ್ಟು ದಪ್ಪವಾಗಿ, ಎಪಿಫಾನಿಯಾ ಅಜ್ಜಿಯ ಮುಖದ ತುಂಬ ಹೊರಳಾಡುತ್ತದೆ.

"ಕ್ಲೀನಾ, ರೂಫೋ?" ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತ ಫಾಬಿಯೋಲಾ ಕೇಳಿದಳು. ಚಿತ್ರದ ನಿರ್ದೇಶಕಿ ಅವಳೇ, ಕ್ಯಾಮೆರಾ ಹಿಡಿಯುವವಳೂ ಅವಳೇ. ಪ್ರತಿ ಶಾಟ್ ಮುಗಿದ ಮೇಲೂ ಹೀಗೆ ಕೇಳುವುದು, ಟೆಕ್ನೀಷಿಯನ್ ಬಗ್ಗಿ ನೋಡಿ 'ಕ್ಲೀನ್' ಎನ್ನುವುದು ಅವರ ಕಸುಬಿನ ಶಾಸ್ತ್ರ. ಅಲ್ಲಿಯವರೆಗೆ ಯಾರೂ ಜಾಗ ಬಿಟ್ಟು ಕದಲುವಂತಿಲ್ಲ.

ರೂಫೋ ಅಜ್ಜಿಯತ್ತ ನೋಡಿದ. ಅವಳು ಈಗಷ್ಟೇ ಕ್ಯಾಮೆರಾದ ಮುಂದೆ ಏಳು ನಿಮಿಷ ಮಾತಾಡಿದ್ದಳು: ಇಪ್ಪತ್ತಾರು ವರ್ಷದ ಹಿಂದೆ ಎದುರು ಬೆಟ್ಟದ ತವರದ ಗಣಿ ಕುಸಿದದ್ದು, ಕಂದು ಮಫ್ಲರ್ ಸುತ್ತಿಕೊಂಡು ಒಳಗೆ ಹೋದ ಗಂಡ ಕಸಿಮಿರೋ ಹೊರಗೆ ಬಾರದ್ದು, ಅವನು ಅವತ್ತು ಕೆಲಸಕ್ಕೇ ಬಂದಿರಲಿಲ್ಲ ಎಂದು ಕಂಪನಿಯವರು ಬರೆದುಕೊಂಡದ್ದು. ಅದನ್ನೆಲ್ಲ ಇನ್ನೊಮ್ಮೆ ಹೇಳು ಎನ್ನಲು ಯಾವ ಬಾಯಿ ಬಂದೀತು? 'ಕ್ಲೀನ್' ಅಂದುಬಿಟ್ಟರೆ, ದೂರದ ಲಾಪಾಸ್ ನಗರಕ್ಕೆ ಹೋಗಿ ಫಿಲ್ಮ್ ತೊಳೆಸುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಅಜ್ಜಿ ಇರುತ್ತಾಳೋ ಇಲ್ಲವೋ.

"ಕೂದಲಿದೆ ಮೇಡಂ. ಇನ್ನೊಂದ್ಸಲ ತೆಗೀಬೇಕು."

"ನಿನ್ ತಲೆ. ಆಯಮ್ಮನ್ನ ಯಾವ ಮುಖ ಇಟ್ಕೊಂಡು ಕೇಳ್ಲೋ? ಉಳಿದಿರೋದೂ ಒಂದೇ ರೋಲು."

"ನಾನೇ ಕೇಳ್ತೀನಿ. ರೋಲು ಹಾಕೋವಾಗ ನೋಡ್ಬೇಕಾಗಿದ್ದವನು ನಾನು."

ಅಜ್ಜಿ ಕೋಕಾ ಎಲೆಗಳನ್ನು ದವಡೆಗೆ ಒತ್ತಿಕೊಂಡು ಅವನನ್ನೇ ನೋಡಿದಳು. "ಅಷ್ಟಕ್ಕೆ ಯಾಕೆ ಮುಖ ಸಣ್ಣ ಮಾಡ್ಕೋತೀಯ ಮಗಾ? ನಿನ್ ಕಸ ಗುಡಿಸ್ಕೋ. ಹೇಳ್ತೀನಿ."

ಮೊದಲ ಸಲ ಅಜ್ಜಿ ಬಾಗಿದಾಗಲೆಲ್ಲ ಮುಖ ಮಸುಕಾಗದಂತೆ ರೂಫೋ ಫೋಕಸ್ ತಿರುಗಿಸಿ, ಲೆನ್ಸಿನ ಬಳೆಯ ಮೇಲೆ ಪೆನ್ಸಿಲ್ ಗೆರೆ ಎಳೆದುಕೊಂಡಿದ್ದ. ಪಳಗಿದ ನಟರೂ ಎರಡನೇ ಸಲ ಅದೇ ಗೆರೆಗೆ ಬರುವುದು ಅಪರೂಪ. ಕಿಂಡಿ ಒರೆಸಿ, ಕೊನೆಯ ರೋಲು ಹಾಕಿ ಮತ್ತೆ ಶುರುಮಾಡಿದರು. ಅಜ್ಜಿ 'ಕಂದು ಮಫ್ಲರ್' ಎಂಬಲ್ಲಿ ಈ ಸಲವೂ ಒಂದು ಗೇಣು ಮುಂದೆ ಬಾಗಿದಳು. ಗೆರೆ ಅಲ್ಲೇ ಇತ್ತು. 'ಸಾರು ಆರಿಹೋಗಿತ್ತು' ಎಂದು ಹಿಂದಕ್ಕೆ ಸರಿದಳು; ಅಲ್ಲೂ ಗೆರೆ ಕಾದಿತ್ತು. ಮೊದಲು ತಡೆದಲ್ಲೇ ಮತ್ತೆ ತಡೆದಳು, ಅದೇ ಎಡಗೈಯಲ್ಲಿ ಮೂಗೊರೆಸಿಕೊಂಡಳು. ಇಪ್ಪತ್ತು ವರ್ಷದ ಕಸುಬಿನಲ್ಲಿ ಇಂಥದ್ದನ್ನು ರೂಫೋ ಕಂಡಿರಲಿಲ್ಲ. ಮಾತು ಮುಗಿದಾಗ, ತನಗೇ ತಿಳಿಯದಂತೆ ತಲೆಯ ಟೋಪಿ ತೆಗೆದಿದ್ದ.

ಲೆನ್ಸ್ ಬಿಚ್ಚಿ ನೋಡಿ, "ಕ್ಲೀನ್" ಎಂದ. ಮತ್ತೆ ಲೆನ್ಸ್ ಸಿಕ್ಕಿಸುತ್ತ ತಡೆಯಲಾರದೆ ಕೇಳಿದ: "ಅಜ್ಜೀ, ಒಂದಕ್ಷರ ಆಚೀಚೆ ಆಗ್ಲಿಲ್ವಲ್ಲ. ಅದ್ಹೆಂಗೆ?"

"ಮೊದಲ್ನೇ ವಿಚಾರಣೇಲಿ ಕಂದು ಮಫ್ಲರ್ ಅಂದಿದ್ದೆ. ಎರಡ್ನೇದ್ರಲ್ಲಿ ಬಾಯ್ತಪ್ಪಿ ಕಪ್ಪು ಅಂದ್ಬಿಟ್ಟೆ. ಸುಳ್ಳು ಹೇಳ್ತಾಳೆ ಅಂತ ಫೈಲು ಮುಚ್ಚಿದ್ರು. ಅವತ್ತಿಂದ ದಿನಾ ಬೆಳಿಗ್ಗೆ ಆಲೂಗಡ್ಡೆ ಸುಲೀತಾ ಪೂರ್ತಿ ಒಂದ್ಸಲ ಹೇಳ್ಕೋತೀನಿ. ಎಲ್ಲಾದ್ರೂ ತಪ್ಪಿದ್ರೆ ಮತ್ತೆ ಮೊದಲಿಂದ."

ಫಾಬಿಯೋಲಾ ಮುಖ ಆಚೆ ತಿರುಗಿಸಿಕೊಂಡಳು. ಅಜ್ಜಿ ಎದ್ದು ಬಂದು ಕ್ಯಾಮೆರಾವನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಈ ಪೆಟ್ಟಿಗೆ ಮಾತು ಬದಲಾಯ್ಸಲ್ವಾ?"

"ಇಲ್ಲಜ್ಜಿ. ನೂರು ಸಲ ಹಾಕಿದ್ರೂ ಇದನ್ನೇ ಹೇಳುತ್ತೆ."

"ಹಂಗಾದ್ರೆ ನಾಳೆಯಿಂದ ನಾನು ಮರೀಬಹುದಾ?"

ರೂಫೋ ಸಿಕ್ಕಿಸಿದ್ದ ಲೆನ್ಸನ್ನು ಮತ್ತೆ ಬಿಚ್ಚಿ, ಟಾರ್ಚ್ ಹಚ್ಚಿ, ಕಿಂಡಿಗೆ ಇನ್ನೊಮ್ಮೆ ಬಗ್ಗಿದ.