ಎಡಕ್ಕೆ ಸರಿದ ವಿಮಾನ

ಸತ್ತವರ ಬಗ್ಗೆ ಕೆಟ್ಟದ್ದು ಮಾತಾಡಬಾರದು, ಒಪ್ಪೋಣ. ಆದರೆ ಸತ್ತವರ ದನಿಯಲ್ಲೇ ಮಾತಾಡಬಾರದು ಅಂತ ಯಾರೂ ಹೇಳಿಲ್ಲವಲ್ಲ! ಹೇಳಿದ್ದರೆ ಗೋಕಾಕದ ವಕೀಲ ಸೋಮಶೇಖರ ಅವತ್ತು ಮೂಡಲಗಿಯಲ್ಲಿ ಬಾಯಿ ಮುಚ್ಚಿಕೊಂಡಿರುತ್ತಿದ್ದ. ಇದು ಖರೆ ಕಥೆ. ಅನುಮಾನವಿದ್ದವರು ಶ್ರೀಶೈಲನನ್ನೇ ಕೇಳಬೇಕು. ಎಲ್ಲರಿಗಿಂತ ಎತ್ತರದಲ್ಲಿ ಕೂತು ನೋಡಿದವನು ಅವನೇ.

ಕೂತದ್ದು ತನ್ನ ಶವಯಾತ್ರೆಯ ವಿಮಾನದಲ್ಲಿ, ಸತ್ತವರನ್ನು ಕೂರಿಸಿ ಹೊರುವ ಚಟ್ಟದಲ್ಲಿ. ಬಿದಿರು, ಬಾಳೆಕಂಬ, ಚೆಂಡುಹೂವು. ಹಣೆ ತುಂಬ ವಿಭೂತಿ, ತಲೆಗೆ ರುಮಾಲು. ಭಜನೆಯವರು ತಾಳ ಕುಟ್ಟಿ ಕುಟ್ಟಿ ದಣಿದಿದ್ದರು. ಆದರೂ ವಿಮಾನ ಏಳುವಂತಿರಲಿಲ್ಲ. ಸೋಮಶೇಖರನದೂ ಸೇರಿ ಮೂರು ಹೆಗಲು ತಯಾರಿದ್ದವು. ನಾಲ್ಕನೆಯದು ಹುಕ್ಕೇರಿಯಿಂದ ಬಸ್ಸು ಹತ್ತಿ ಬಂದು, ಬೇವಿನ ಗಿಡದ ಬುಡದಲ್ಲಿ ಕೈ ಕಟ್ಟಿ ನಿಂತಿತ್ತು. ಅದರ ಹೆಸರು ಪರಪ್ಪ.

"ಪರಪ್ಪಣ್ಣಾರ, ಮುಂದಿನ ಎಡಗಡಿ ಹೆಗಲ ನಿಮ್ದ ಅಂತ ಇವರು ಹೇಳಿ ಹೋಗ್ಯಾರ್ರಿ. ನೀವ್ ಬರೂತನಕ ನಾ ಏಳಸಗೊಡಂಗಿಲ್ಲ," ಎಂದಳು ಶ್ರೀಶೈಲನ ಹೆಂಡತಿ ದ್ರಾಕ್ಷಾಯಿಣಿ.

"ಊರ ತುಂಬ ಹೆಗಲ ಅದಾವು, ವೈನಿ. ನಾ ಆಡಿದ ಮಾತು ಆಡೇನಿ."

ಜಗಳ ಕಾಲೇಜಿನದು. ಆಗ ಈ ನಾಲ್ಕು ಹೆಗಲಿನವರೂ ಶ್ರೀಶೈಲನೂ ಒಂದೇ ದೋಣಿಯವರು. ಸ್ಪರ್ಧೆಯ ದೋಣಿಯಲ್ಲಿ ಹುಟ್ಟು ಹಾಕುವ ನಾಲ್ವರೂ ಗುರಿಗೆ ಬೆನ್ನು ಮಾಡಿ ಕೂರುತ್ತಾರೆ. ಅವರಿಗೆ ಎದುರಾಗಿ ಕೂತು, ದಾರಿ ನೋಡುತ್ತ ಕೂಗುವವನು ಒಬ್ಬನೇ. ಆ ಒಬ್ಬ ಶ್ರೀಶೈಲ. ಹಿಡಕಲ್ ಜಲಾಶಯದಲ್ಲಿ ಕೊನೆಯ ಸ್ಪರ್ಧೆ ಇನ್ನೇನು ಗೆದ್ದೇಬಿಟ್ಟೆವು ಅನ್ನುವಾಗ ದೋಣಿ ಎಡಕ್ಕೆ ಸರಿದು, ನೀರಲ್ಲಿ ಮುಳುಗಿದ್ದ ಜಾಲಿಗಿಡಕ್ಕೆ ಸಿಕ್ಕಿಕೊಂಡಿತು. "ಪರ್ಯಾ ಅಡ್ಡಾದಿಡ್ಡಿ ಎಳದಾ," ಎಂದ ಶ್ರೀಶೈಲ. "ನನ್ನ ಬೆನ್ನಿಗೆ ಕಣ್ಣ ಅದಾವೇನಲೇ? ದಾರಿ ನೋಡಾಂವ ನೀ," ಎಂದ ಪರಪ್ಪ. ಇಬ್ಬರಿಗೂ ಮೊಮ್ಮಕ್ಕಳಾದರು, ಜಗಳಕ್ಕೆ ಮಾತ್ರ ಒಂದು ಕೂದಲೂ ನರೆಯಲಿಲ್ಲ.

ಹೋದ ತಿಂಗಳು ಶ್ರೀಶೈಲ ಹಾಸಿಗೆ ಹಿಡಿದಾಗಲೂ ಅದೇ ಹಾಡು. "ತಪ್ಪ ನಂದು ಅಂತ ಒಮ್ಮಿ ಅನ್ನಲೇ. ಇಲ್ಲಾಂದ್ರ ನಾಳೆ ನಿನಗ ಹೆಗಲ ಕೊಡೂದಿಲ್ಲ ನೋಡ," ಎಂದಿದ್ದ ಪರಪ್ಪ. "ಕೊಡಬ್ಯಾಡ. ನೀ ಹೆಗಲ ಕೊಟ್ರ ವಿಮಾನನೂ ಎಡಕ್ಕ ಹೊಕ್ಕೈತಿ," ಎಂದಿದ್ದ ಶ್ರೀಶೈಲ. ಕೊಟ್ಟ ಚಹಾ ಕುಡಿಯದೆ ಪರಪ್ಪ ಎದ್ದು ಬಂದಿದ್ದ. ಅದೇ ಕೊನೆಯ ಭೇಟಿ. ಎಡಗಡೆಯ ಹೆಗಲಿನ ಮಾತು ಶ್ರೀಶೈಲ ಹೆಂಡತಿಗೆ ಹೇಳಿದ್ದು ಅದಾದ ಮೇಲೆ.

ಬಿಸಿಲು ಏರುತ್ತಿತ್ತು. ಸ್ವಾಮಿಗಳು ಎರಡು ಸಲ ಗಡಿಯಾರ ನೋಡಿದರು. ಸೋಮಶೇಖರ ಮೆಲ್ಲಗೆ ವಿಮಾನದ ಹಿಂದೆ ಸರಿದ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ಇಡೀ ಹಾಸ್ಟೆಲಿಗೆ ರಜೆ ಕೊಟ್ಟ ಗಂಟಲು ಅದು. ಬಾಳೆಕಂಬದ ಮರೆಯಲ್ಲಿ ಕೂತು ಒಮ್ಮೆ ಕೆಮ್ಮಿದ. ಶ್ರೀಶೈಲನ ಕೆಮ್ಮೇ.

"ಪರ್ಯಾ... ತಪ್ಪ ನಂದ ಐತಲೇ. ಬಾ ಇಲ್ಲೆ."

ತಾಳ ನಿಂತಿತು. ಸ್ವಾಮಿಗಳ ಕೈ ರುದ್ರಾಕ್ಷಿಗೆ ಹೋಯಿತು. "ಯಪ್ಪಾ, ಶಿವನ!" ಎಂದು ಒಬ್ಬ ಮುದುಕಿ ಅಲ್ಲೇ ಕುಸಿದಳು. ಪರಪ್ಪನ ಕಟ್ಟಿದ ಕೈಗಳು ತಾವಾಗಿ ಬಿಚ್ಚಿಕೊಂಡವು. ಬಣ್ಣಗೆಟ್ಟ ಮುಖದಲ್ಲಿ ಗೆಳೆಯನ ಹತ್ತಿರ ಬಂದ. ವಿಭೂತಿಯ ಹಣೆ, ಮುಚ್ಚಿದ ಕಣ್ಣು ನೋಡುತ್ತ ನಿಂತ. ನಿಂತವನು ಹುಬ್ಬು ಗಂಟಿಕ್ಕಿದ.

"ಸೋಮ್ಯಾ, ಹೊರಗ ಬಾ."

ಸೋಮಶೇಖರ ತಲೆ ಕೆರೆಯುತ್ತ ಎದ್ದ. "ದನಿ ಸರಿ ಬರಲಿಲ್ಲೇನೋ?"

"ದನಿ ಅವಂದ ಐತಿ. ಮಾತ ಅವಂದಲ್ಲ. ತಪ್ಪ ನಂದು ಅಂತ ಅಂವಾ ಸತ್ರೂ ಅನ್ನಂಗಿಲ್ಲ!"

ಅಂದಮೇಲೆ ತಾನು ಏನಂದೆ ಅಂತ ಹೊಳೆದು ಪರಪ್ಪ ನಾಲಿಗೆ ಕಚ್ಚಿಕೊಂಡ. ಸೆರಗು ಬಾಯಿಗೊತ್ತಿಕೊಂಡಿದ್ದ ದ್ರಾಕ್ಷಾಯಿಣಿಯ ಭುಜ ಕುಲುಕತೊಡಗಿತು. ಅಳು ಅಂದುಕೊಂಡರು. "ಖರೆ ಐತ್ರಿ ಅಣ್ಣಾರ," ಎಂದಳು ನಗು ತಡೆಯಲಾರದೆ, "ಸಂಸಾರದಾಗ ನನ್ನ ಮುಂದೂ ಒಮ್ಮಿ ಅಂದಾಂವಲ್ಲ!"

ಪರಪ್ಪ ಟವೆಲ್ಲು ಮಡಿಚಿ ಹೆಗಲಿಗೆ ಹಾಕಿದ. ಮುಂದಿನ ಎಡಗಡೆಯ ಬಿದಿರಿಗೆ ಹೆಗಲು ಕೊಟ್ಟ. ಆದರೆ ಉಳಿದ ಮೂವರು ದಾರಿಗೆ ಮುಖ ಮಾಡಿದರೆ, ಇವನು ದೋಣಿಯಲ್ಲಿ ಕೂರುತ್ತಿದ್ದ ಹಾಗೆ ದಾರಿಗೆ ಬೆನ್ನು ಕೊಟ್ಟು ಶ್ರೀಶೈಲನ ಮುಖ ನೋಡುತ್ತ ನಿಂತಿದ್ದ. "ಹೊಳ್ಳಿ ನಿಂದರ್ರಿ," ಎಂದರು ಯಾರೋ. ಕೇಳಿಸಲಿಲ್ಲ. ವಿಮಾನ ಎದ್ದಿತು. ಪರಪ್ಪ ಹಿಂದುಹಿಂದಕ್ಕೆ ಹೆಜ್ಜೆ ಹಾಕಿದ. ಓಣಿಯ ತಿರುವು ದಾಟುವಷ್ಟರಲ್ಲಿ ವಿಮಾನ ತೇಲುತ್ತ, ತೂಗುತ್ತ, ಸೀದಾ ಎಡಗಡೆಯ ಗಟಾರದ ಕಡೆ ಹೊರಟಿತು.

ಪಕ್ಕದ ಬಿದಿರು ಹೊತ್ತಿದ್ದ ಸೋಮಶೇಖರನಿಗೆ ತಡೆಯಲಾಗಲಿಲ್ಲ. ಮತ್ತೆ ಶ್ರೀಶೈಲನ ದನಿ ತೆಗೆದ.

"ಪರ್ಯಾ! ಎಡಕ್ಕ ಹೊಂಟೈತಲೇ, ಎಡಕ್ಕ!"

"ಹಾಂ! ಈಗ ಅಂವಾ ಮಾತಾಡಿದಾ ನೋಡ!" ಎಂದ ಪರಪ್ಪ. ಓಣಿಗೆ ಓಣಿಯೇ ನಕ್ಕಿತು, ಸ್ವಾಮಿಗಳೂ ನಕ್ಕರು. ಎಲ್ಲರಿಗಿಂತ ಜೋರು ಪರಪ್ಪನದೇ. ಆ ನಗುವಿಗೆ ವಿಮಾನದ ಚೆಂಡುಹೂವೆಲ್ಲ ಅಲುಗಿದವು. ಆದರೂ ಅವನು ದಾರಿಯ ಕಡೆ ಹೊಳ್ಳಲಿಲ್ಲ.