ಈರಣ್ಣನ ಕಳಾ

ದವಾಖಾನೆಯ ಮೆಟ್ಟಿಲ ಅರ್ಧಕ್ಕೆ ಈರಣ್ಣ ಮತ್ತೆ ನಿಂತ. ಗೋಡೆಯ ಮೇಲೆ ಯಾವುದೋ ಟ್ಯೂಷನ್ ಕ್ಲಾಸಿನ ಮರಾಠಿ ಬೋರ್ಡಿತ್ತು. ಅಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡು ಅದನ್ನೇ ನೋಡತೊಡಗಿದ. ಮೊಣಕಾಲು ನೋವೆಂದು ತೋರಿಸಲು ಹೊರಟವಳು ಅವನ ಅಕ್ಕ ಬಸವಣ್ಣೆವ್ವ. ಈರಣ್ಣ ಅವಳ ಜೊತೆಗೆ ಬಂದವನು ಅಷ್ಟೆ. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೆ ಒಬ್ಬೊಬ್ಬ ದೇವರನ್ನು ಕರೆಯುತ್ತ, ಅವಳೇ ಮೊದಲು ಮೇಲೆ ಮುಟ್ಟಿದಳು.

"ಓದಿ ಮುಗೀತೇನೋ? ಶಿವಾಜಿನಗರದಾಗ ನೀ ಓದಲಾರದ ಬೋರ್ಡ ಒಂದೂ ಉಳದಿಲ್ಲ. ಇನ್ನೊಂದು ಜಿನಾದ ಮೆಟ್ಟಲಾ ಹತ್ತಿದಿ ಅಂದ್ರ ಮನಿಗೆ ಬಂದು ಮರಾಠಿ ಎಂ.ಎ. ಕೊಟ್ಟು ಹೋಗ್ತಾರ."

"ಕಲೀಬೇಕಲ್ಲಕ್ಕಾ," ಎಂದ ಈರಣ್ಣ, ಅಲ್ಲಿಂದಲೇ.

ಗದಗಿನ ಕಡೆಯಿಂದ ಪುಣೆಗೆ ಬಂದು, ಕ್ಯಾಂಪ್ ಪೇಟೆಯಲ್ಲಿದ್ದ ಅಕ್ಕನ ಬಟ್ಟೆ ಅಂಗಡಿಯಲ್ಲಿ ಕೂತು ಅವನಿಗೆ ಎಂಟು ತಿಂಗಳಾಗಿತ್ತು. ವಯಸ್ಸು ಐವತ್ತನಾಲ್ಕು, ಮೈ ಮಾತ್ರ ಅಳತೆಪಟ್ಟಿಯಷ್ಟು ತೆಳು. ಆದರೆ ಎರಡೂ ಕಣ್ಣಿನ ರೆಪ್ಪೆಯ ಮೇಲೆ, ಮೂಗಿನ ಕಡೆಗೆ, ತೊಗರಿಬೇಳೆ ಅಂಟಿಸಿದಂತೆ ಹಳದಿ ಕಲೆ ಎದ್ದಿತ್ತು. ಪುಣೆಯ ನೀರು ಹಿಡಿದಿದೆ, ಮುಖಕ್ಕೆ ಬಂಗಾರದ ಕಳೆ ಬಂದಿದೆ ಎಂದು ಊರಿನವರೊಬ್ಬರು ಹೇಳಿ ಹೋದಾಗಿನಿಂದ ಅವನು ಅಂಗಡಿಯ ಕನ್ನಡಿ ಬಿಟ್ಟು ಕದಲುತ್ತಿರಲಿಲ್ಲ.

ಒಳಗೆ ಡಾಕ್ಟರ್ ಸುಲಭಾ ಕೇಸ್ ಪೇಪರಿನ ಮೇಲೆ ಬಸವಣ್ಣೆವ್ವನ ಹೆಸರು ಬರೆದುಕೊಂಡರು. ಬಸವಣ್ಣೆವ್ವ ತನ್ನ ನಲವತ್ತು ವರ್ಷದ ಮರಾಠಿಯಲ್ಲಿ ಮೊಣಕಾಲಿನ ಪುರಾಣ ಶುರುಮಾಡಿದಳು. ತಾನು ಕೂತೆದ್ದರೆ ಬರುವ ಕಟಕಟ ಸದ್ದಿಗೆ ಕೆಳಗಿನ ಮನೆಯವರು ಬಾಗಿಲು ತೆಗೆದು ಯಾರು ಎಂದು ಕೇಳುತ್ತಾರೆ ಎನ್ನುವವರೆಗೆ ಬಂದಿದ್ದಳು. ಡಾಕ್ಟರರ ಕಣ್ಣು ಮಾತ್ರ ಪಕ್ಕದ ಕುರ್ಚಿಯಲ್ಲಿದ್ದ ತಮ್ಮನ ಮುಖದ ಮೇಲಿತ್ತು.

"ಕಾಕಾ, ಕಧೀ ಕಳ ಯೇತೇ ಕಾ?"

ಈರಣ್ಣನಿಗೆ ಅದರಲ್ಲಿ ತಿಳಿದದ್ದು ಒಂದೇ ಮಾತು. ಮುಖ ಅರಳಿತು. "ಹೌದ್ರಿ. ಭಾಳ ಬಂದದ. ಎಲ್ಲಾರೂ ಅದನ್ನ ಅಂತಾರ," ಎಂದು ತಲೆಯಾಡಿಸಿ, ಐದು ತಿಂಗಳಾಯಿತು ಎಂದು ಬೆರಳು ತೋರಿಸಿದ. ಡಾಕ್ಟರ್ ಪೆನ್ನು ಬಿಟ್ಟು ಸ್ಟೆತಾಸ್ಕೋಪ್ ಎತ್ತಿಕೊಂಡರು.

ಬಸವಣ್ಣೆವ್ವನಿಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಡಾಕ್ಟರಿಗೆ ತಿಳಿಸಿ ಹೇಳಿದಳು: ನಿಮ್ಮಲ್ಲಿ ಕಳ ಅಂದರೆ ನೋವಿನ ಸೆಳಕು, ನಮ್ಮಲ್ಲಿ ಕಳಾ ಅಂದರೆ ಮುಖದ ಕಾಂತಿ, ಇವನು ನಿಮಗೆ ತನ್ನ ಚೆಲುವು ತೋರಿಸುತ್ತಿದ್ದಾನೆ, ನೋವೂ ಇಲ್ಲ ಗೀವೂ ಇಲ್ಲ. ಡಾಕ್ಟರರೂ ನಕ್ಕರು. ಸ್ಟೆತಾಸ್ಕೋಪ್ ಅರ್ಧ ಕೆಳಗಿಳಿಯಿತು.

ಆಗ ಬಸವಣ್ಣೆವ್ವನ ನಗು ನಡುವೆಯೇ ನಿಂತಿತು.

"ಈರಣ್ಣಾ, ಎಂಟು ತಿಂಗಳು ಜಿನಾಕ್ಕ ಜಿನಾ ನಿಂತು ಮರಾಠಿ ಓದಿದವ್ನು. ಇದೊಂದು ಮಾತು ತಿಳೀಲಿಲ್ಲೇನು?"

ಅವನು ಕುರ್ಚಿಯಲ್ಲೇ ಬಾಗಿಲ ಕಡೆಗೆ ತಿರುಗಿ ಕೂತ.

"ಕೆಳಗಿನ ಬೋರ್ಡಿನ ಮ್ಯಾಲ ಏನು ಬರದಿತ್ತು, ಹೇಳು."

ಈರಣ್ಣನ ಕೈ ತಾನಾಗಿ ಅಂಗಿಯ ಜೇಬಿನ ಮೇಲೆ ಹೋಯಿತು. "ಹತ್ತೂವಾಗ ಎದಿ ಬಿಗದಂಗಾಗ್ತದಕ್ಕಾ. ನಿಂತ್ರ ಹೋಗ್ತದ," ಎಂದು ನೆಲ ನೋಡುತ್ತ ಅಂದ. "ಹೇಳಿದ್ರ ನೀ ಕ್ಯಾಂಪ್ ತುಂಬ ಆಡಿಕೊಂಡು ನಗ್ತಿದ್ದಿ."

ಬಸವಣ್ಣೆವ್ವ ಅದನ್ನು ಮರಾಠಿಗೆ ತಿರುಗಿಸಿ ಡಾಕ್ಟರಿಗೆ ಹೇಳಿದಳು. ಹುಟ್ಟಿದಾಗಿನಿಂದ ಇದೇ ಮೊದಲು, ತನ್ನ ಕಡೆಯಿಂದ ಒಂದು ಮಾತನ್ನೂ ಸೇರಿಸಲಿಲ್ಲ.

ಡಾಕ್ಟರ್ ನಿಧಾನವಾಗಿ ವಿವರಿಸಿದರು. ಆ ಹಳದಿ ಕಳೆಯಲ್ಲ, ಚರ್ಮದ ಕೆಳಗೆ ಕೂತ ಕೊಬ್ಬು. ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಾದವರಲ್ಲಿ ಕೆಲವರಿಗೆ ಹೀಗೆ ಕಾಣುತ್ತದೆ, ಬಹಳ ಜನರಿಗೆ ಏನೂ ಕಾಣುವುದಿಲ್ಲ, ರಕ್ತ ಪರೀಕ್ಷೆಯಲ್ಲೇ ತಿಳಿಯಬೇಕು. ತೆಳ್ಳಗಿದ್ದವರನ್ನೂ ಅದು ಬಿಡುವುದಿಲ್ಲ. ಮೆಟ್ಟಿಲು ಹತ್ತುವಾಗಿನ ಬಿಗಿತವನ್ನು ಮಾತ್ರ ನಾಳೆಗೆ ಬಿಡುವಂತಿಲ್ಲ. ಹೃದಯಕ್ಕೆ ರಕ್ತ ಸಾಲದಾಗಿದೆ ಎನ್ನುವ ಸೂಚನೆ ಇರಬಹುದು. ಈಗಲೇ ಇ.ಸಿ.ಜಿ., ಅದು ಸರಿ ಬಂದರೂ ಇಲ್ಲಿಂದ ನೇರವಾಗಿ ಹೃದಯದ ಡಾಕ್ಟರ ಬಳಿಗೆ. ಹೊತ್ತು ಮೀರುವ ಮೊದಲೇ ಬಂದಿದ್ದೀರಿ, ಗಾಬರಿ ಬೇಡ ಎಂದರು. ಆಮೇಲೆ ಕೇಸ್ ಪೇಪರಿನ ಮೇಲಿದ್ದ ಬಸವಣ್ಣೆವ್ವನ ಹೆಸರಿಗೆ ಅಡ್ಡಗೆರೆ ಎಳೆದು, ಕೆಳಗೆ ಈರಣ್ಣನ ಹೆಸರು ಬರೆದರು.

"ಅಕ್ಕಾ, ನಾವು ಬಂದಿದ್ದು ನಿನ್ನ ಮೊಣಕಾಲಿಗೆ," ಎಂದ ಈರಣ್ಣ, ಅಂಗಿಯ ಗುಂಡಿ ಬಿಚ್ಚಲು ಮನಸ್ಸಿಲ್ಲದೆ. "ಮೊದಲ ಅದನ್ನ ತೋರಸು."

ಬಸವಣ್ಣೆವ್ವ ಎದ್ದು ಬಂದು, ತಾನೇ ಅವನ ಮೇಲಿನ ಗುಂಡಿ ಬಿಚ್ಚಿದಳು.

"ಮಲಕೋ ಸುಮ್ನ. ನನ್ನ ಮೊಣಕಾಲು ಎಲ್ಲಿಗೂ ಓಡಿ ಹೋಗೂದಿಲ್ಲ."