ಜೇಬಿನ ಸಾಮಾನು

"ಮೇಡಂ, ಆ ಮುದುಕ ಇವತ್ತೂ ಬಂದ," ಎಂದ ಗ್ಯಾಲರಿಯ ಕಾವಲುಗಾರ ಇಲ್ಯಾಸ್. "ಏನೋ ಎತ್ಕೊಂಡು ಹೋಗೋಕೆ ಹೊಂಚು ಹಾಕ್ತಿದಾನೆ ಅನ್ಸುತ್ತೆ. ಹೂಂ ಅನ್ನಿ, ಹೊರಗೆ ಹಾಕ್ತೀನಿ."

ಯುಮ್ನಾ ನಕ್ಕಳು. ಕದಿಯಲು ಅಲ್ಲಿ ಇದ್ದದ್ದಾದರೂ ಏನು? ಹಲ್ಲು ಮುರಿದ ಬಾಚಣಿಗೆ, ಬೀಗದ ಕೈ, ಬಸ್ಸಿನ ಟಿಕೀಟು, ಉಗುರು ಕತ್ತರಿ, ಜಪಮಣಿ, ಅಂಥವೇ ಇನ್ನಷ್ಟು. ಬೈರೂತಿನ ಭಾನುವಾರದ ಸಂತೆಯಲ್ಲಿ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಒಟ್ಟಿಗೆ ಸಿಕ್ಕಿದ್ದವು. ಯಾರೂ ಎರಡನೇ ಸಲ ತಿರುಗಿ ನೋಡದಂಥವು. ಅಂಥದ್ದನ್ನು ಬಿಳಿ ಗೋಡೆಯ ಮುಂದೆ, ದೀಪದ ಕೆಳಗೆ ಇಟ್ಟು ಜನ ನಿಂತು ನೋಡುವಂತೆ ಮಾಡುವುದೇ ಅವಳ ಕಲೆ. ಪ್ರದರ್ಶನಕ್ಕೆ 'ಜೇಬುಗಳು' ಎಂದು ಹೆಸರಿಟ್ಟಿದ್ದಳು.

ಗ್ಯಾಲರಿಯ ಒಡತಿಗೆ ಅಷ್ಟು ಸಾಲದು. ಹಿಂದಿನ ಅಂತರ್ಯುದ್ಧದ ಬಗ್ಗೆ ಏನಾದರೂ ಮಾಡು ಎಂದು ವರ್ಷಗಳಿಂದ ಪೀಡಿಸುತ್ತಿದ್ದಳು. ಯುದ್ಧದ ಕಾಲದಲ್ಲಿ ರೊಟ್ಟಿ ತರಲು ಹೋದ ಯುಮ್ನಾಳ ತಂದೆ ಮರಳಿ ಬಂದಿರಲಿಲ್ಲ. ಆಗ ಅವಳಿನ್ನೂ ಅಂಬೆಗಾಲಿಡುವ ಮಗು. ತಾಯಿ ಇವತ್ತಿಗೂ ಗಂಡ ಸತ್ತ ಎಂಬ ಮಾತನ್ನು ಮನೆಯೊಳಗೆ ಆಡಗೊಡುತ್ತಿರಲಿಲ್ಲ. ಅಪ್ಪನನ್ನು ಗೋಡೆಗೆ ತೂಗುಹಾಕಿ ಹೆಸರು ಮಾಡಲಾರೆ ಎಂದು ಯುಮ್ನಾ ಹಟ ಹಿಡಿದಿದ್ದಳು.

ಆದರೆ ಬೇರೆಯವರ ಅಪ್ಪ? ಬೇರೆಯವರ ಮಗ?

ಮುದುಕ ನುಣ್ಣಗೆ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಕೋಟು ತೊಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದ. ಒಂದೊಂದರ ಮುಂದೂ ನಿಲ್ಲುತ್ತಿದ್ದ, ಹೆಸರು ಹಿಡಿದು ಕರೆಯುವವನಂತೆ ತುಟಿ ಅಲುಗಿಸುತ್ತಿದ್ದ. ಯುಮ್ನಾ ಕಾಫಿ ತಂದು ಕೊಟ್ಟಳು.

"ದಿನಾ ಬರ್ತೀರಲ್ಲ ದೊಡ್ಡಪ್ಪ. ಇಷ್ಟ ಆಯ್ತಾ?"

"ಜೋಡಿಸಿರೋದು ತಪ್ಪು ಮಗಳೇ. ಈ ಬೀಗದ ಕೈ, ಆ ಜಪಮಣಿ, ಎರಡನ್ನೂ ಬೇರೆ ಮಾಡಬಾರದಿತ್ತು."

ಯಾವ ವಿಮರ್ಶಕನಿಗೂ ಹೊಳೆಯದ ಮಾತು ಎನಿಸಿತು ಅವಳಿಗೆ. ಜಪಮಣಿಯನ್ನು ತಂದು ಬೀಗದ ಕೈಯ ಪಕ್ಕಕ್ಕೆ ಇಟ್ಟಳು. ಮುದುಕನ ಕಣ್ಣು ಒದ್ದೆಯಾಯಿತು.

"ಯಾರನ್ನ ಕಳ್ಕೊಂಡ್ರಿ?" ಮೆಲ್ಲಗೆ ಕೇಳಿದಳು.

"ಒಬ್ಬರಾ, ಇಬ್ಬರಾ," ಎಂದ. "ಲೆಕ್ಕ ಇಡಲಿಲ್ಲ."

ಅವಳ ಮೈ ಜುಮ್ಮೆಂದಿತು. ಅದರ ಬೆನ್ನಿಗೇ ತನ್ನ ಬಗ್ಗೆ ನಾಚಿಕೆಯೂ ಆಯಿತು, ಏಕೆಂದರೆ ಮುಂದಿನ ಪ್ರದರ್ಶನ ಆಗಲೇ ತಲೆಯೊಳಗೆ ಸಿದ್ಧವಾಗತೊಡಗಿತ್ತು: ಖಾಲಿ ಕೋಣೆ, ಒಂದು ಕುರ್ಚಿ, ಈ ಮುದುಕನ ದನಿ. ರೆಕಾರ್ಡ್ ಮಾಡಿಕೊಳ್ಳಲೇ ಎಂದು ಕೇಳಿದಳು. ಮುದುಕ ಆಗಲಿ ಎಂದು ತಲೆಯಾಡಿಸಿದ. ಫೋನನ್ನು ಇಬ್ಬರ ನಡುವೆ ಇಟ್ಟಳು.

"ಇದರಲ್ಲಿ ನಿಮ್ಮವರದ್ದು ಏನಾದ್ರೂ ಇದ್ರೆ ಹೇಳಿ. ಈಗಲೇ ಕೊಟ್ಟುಬಿಡ್ತೀನಿ."

"ಡಬ್ಬಿ ನಂದು," ಎಂದ ಮುದುಕ. "ನಾನು ಆಸ್ಪತ್ರೇಲಿದ್ದಾಗ ಸೊಸೆ ಗುಜರಿಯವನಿಗೆ ಹಾಕಿಬಿಟ್ಟಳು."

"ಒಳಗಿನ ಸಾಮಾನು?"

ಮುದುಕ ಕಾಫಿ ಮುಗಿಸಿ ಲೋಟವನ್ನು ಜೋಪಾನವಾಗಿ ಕೆಳಗಿಟ್ಟ.

"ಯುದ್ಧದಲ್ಲಿ ನಮ್ಮವರು ಹಿಡಿದು ತಂದವರನ್ನ ಗೋಡೆ ಕಡೆ ತಿರುಗಿಸಿ ನಿಲ್ಲಿಸ್ತಿದ್ರು. ಅದಕ್ಕೆ ಮುಂಚೆ ಜೇಬು ಖಾಲಿ ಮಾಡಿಸೋದು ನನ್ನ ಕೆಲಸ."

ಯುಮ್ನಾ ಬಾಗಿಲಲ್ಲಿದ್ದ ಇಲ್ಯಾಸ್‌ನ ಕಡೆ ನೋಡಿದಳು.

"ಆ ಬಾಚಣಿಗೆಯವನು ಬೇಡ್ಕೊಳ್ಳಲಿಲ್ಲ," ಎಂದ ಮುದುಕ, ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡುತ್ತ. "ರೊಟ್ಟಿಗೆ ಅಂತ ಬಂದೆ, ಮನೇಲಿ ಮಗು ಇದೆ, ಹೆಸರು ಯುಮ್ನಾ, ಅಂದ, ಅಷ್ಟೇ. ಬೀದೀಲಿ ನಿನ್ನ ಪೋಸ್ಟರಲ್ಲಿ ಆ ಹೆಸರು ನೋಡಿದ ಮೇಲೆ ಮನೇಲಿ ಕೂರೋಕಾಗಲಿಲ್ಲ."